ಧೋ ಹಡಗಿನ ತೂತುಗಳು

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾಕ್ಕೆ ಸರ್ಕಾರ ಅಲ್ ಜಾಹಿಯಾ ಅಂತ ಹೆಸರು ಬದಲಾಯಿಸಿ ವರ್ಷಗಳೇ ಆದವು. ನಮ್ಮ ಬಾಯಲ್ಲಿ ಮಾತ್ರ ಇನ್ನೂ ಟೂರಿಸ್ಟ್ ಕ್ಲಬ್ಬೇ. ಪಕ್ಕದ ಮೀನಾ ಜಾಯೆದ್ ಬಂದರಿನಲ್ಲಿ ಮರದ ಧೋಗಳ ಫೋಟೊ ತೆಗೆದವರು ಬಹಳ ಜನ. ಅವುಗಳ ಮೈಯಲ್ಲಿ ಎಷ್ಟು ತೂತು ಅಂತ ಕೇಳಿದವರು ಕಮ್ಮಿ!

ಮರಗೆಲಸದಲ್ಲಿ ಬೇಜಾರು ಹಿಡಿಸೋದು ಒಂದೇ ಕೆಲಸವನ್ನ ನೂರು ಸಲ ಮಾಡೋದು. ಅದಕ್ಕೇ ಟರೆಟ್ ಡ್ರಿಲ್ ಬಂತು. ತಿರುಗುವ ತಲೆಯೊಂದಕ್ಕೆ ಐದಾರು ಬಿಟ್ ಸಿಕ್ಕಿಸಿರ್ತಾರೆ. ಮೊದಲು ಸಣ್ಣ ತೂತು, ಆಮೇಲೆ ದೊಡ್ಡದು, ಕೊನೆಗೆ ಸ್ಕ್ರೂ ತಲೆ ಕೂರೋಕೆ ಬಾಯಿ. ಪ್ರತಿ ಸಲ ಬಿಟ್ ಬಿಚ್ಚಿ ಹಾಕೋ ಗೋಜಿಲ್ಲ, ತಲೆ ತಿರುಗಿಸಿದ್ರೆ ಆಯ್ತು. ಈ ಉಪಾಯ ಮೊದಲು ಬಂದಿದ್ದು ಲೇತ್‌ಗೆ. 1845ರ ಸುಮಾರಿಗೆ ಅಮೆರಿಕದ ಸ್ಟೀಫನ್ ಫಿಚ್ ಪಿಸ್ತೂಲಿನ ಸ್ಕ್ರೂಗಳಿಗಾಗಿ ಮಾಡಿದ್ದು.

ಆದ್ರೆ ಇಂಥ ಯಂತ್ರದ ಹತ್ತಿರ ಮರವೇ ಹೋಗಬೇಕು. ಕುರ್ಚಿ ಕಾಲು ಹೋಗುತ್ತೆ, ಹಡಗು ಹೋಗುತ್ತಾ? ಬಾಗಿದ ಹಲಗೆಯ ತೂತು ಪಕ್ಕದ ಹಲಗೆಯ ತೂತಿಗೆ ಸರಿಯಾಗಿ ಎದುರು ಬರಬೇಕು. ಹಾಗಾಗಿ ಇಲ್ಲಿ ಬೈರಿಗೆಯೇ ಹಡಗಿನ ಹತ್ತಿರ ಬಂತು, ಅದೂ ಬಿಲ್ಲು ಬೈರಿಗೆ. ಒಂದು ಕೈಲಿ ಮೇಲಿನ ಹಿಡಿ ಒತ್ತಿ, ಇನ್ನೊಂದರಲ್ಲಿ ಬಿಲ್ಲನ್ನ ಹಿಂದೆ ಮುಂದೆ ಎಳೆಯೋದು. ದಾರ ಸುತ್ತಿದ ಕೋಲು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗುತ್ತೆ.

ಹಳೇ ಕಾಲದ ಅರಬ್ ಹಡಗುಗಳಿಗೆ ಮೊಳೆಯೇ ಇರಲಿಲ್ಲ, ತೆಂಗಿನ ನಾರಿನ ಹುರಿಯಿಂದ ಹೊಲೀತಿದ್ರು. ಹೊರ್ಮುಜ್‌ನಲ್ಲಿ ಅವನ್ನ ನೋಡಿದ ಮಾರ್ಕೊ ಪೋಲೊ ಮೂಗು ಮುರಿದಿದ್ದ. ಮುಂದೆ ಕಬ್ಬಿಣದ ಮೊಳೆ ಬಂದರೂ ಬೈರಿಗೆಗೆ ಬಿಡುವು ಸಿಗಲಿಲ್ಲ. ತೂತಿಲ್ಲದೆ ಮೊಳೆ ಹೊಡೆದ್ರೆ ಸಾಗುವಾನಿ ಸೀಳುತ್ತೆ ನೋಡಿ.

ಹೊಲಿಗೆಗೆ ಎಷ್ಟು ತೂತು ಬೇಕು ಅನ್ನೋ ಲೆಕ್ಕ ಸಿಕ್ಕಿದ್ದು 1980ರಲ್ಲಿ. ಟಿಮ್ ಸೆವೆರಿನ್ ಒಮಾನಿನ ಸೂರ್‌ನಲ್ಲಿ 'ಸೊಹಾರ್' ಕಟ್ಟಿಸಿದಾಗ ಕೊರೆದಿದ್ದು ಸುಮಾರು 20,000 ತೂತು! ಮರ ಮಲಬಾರಿನ ಐನಿ, ಅಂದ್ರೆ ನಮ್ಮ ಹೆಬ್ಬಲಸು. ಹೊಲಿಯೋಕೆ ಬಂದವರು ಲಕ್ಷದ್ವೀಪದವರು. ಕೊಲ್ಲಿಯ ಹಡಗಿನ ಚರಿತ್ರೆಯಲ್ಲಿ ಈ ಕೈಗಳಿಗೆ ಒಂದು ಸಾಲಾದರೂ ಸಲ್ಲಬೇಕು ಅಂತ ನನ್ನ ವಾದ.

ಈಗ ಅಂಥದ್ದೇ ಇನ್ನೊಂದು ಹಡಗು ನಮ್ಮ ಕಾರವಾರದ್ದು. ಅಜಂತಾ ಚಿತ್ರ ನೋಡಿ ಗೋವಾದಲ್ಲಿ ಕೇರಳದ ಬಡಗಿಗಳು ಹೊಲಿದ 'ಕೌಂಡಿನ್ಯ' 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿತು. ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು, 2026ರ ಜನವರಿಯಲ್ಲಿ ಮಸ್ಕತ್ ಮುಟ್ಟಿತು.