ಪರೀಕ್ಷೆ ಮೊದಲು ಬಂತು, ಪಾಠ ಆಮೇಲೆ: ನಮ್ಮ ತಾಲ್ಲೂಕುಗಳ ಇಂಗ್ಲಿಷ್ ಟ್ಯೂಷನ್ ಕಥೆ

ಮಗನೋ ಮಗಳೋ ಹತ್ತನೇ ತರಗತಿಗೆ ಬಂದರೆ ಸಾಕು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಮನೆಗಳಲ್ಲಿ ಒಂದು ಮಾತು ಬಂದೇ ಬರುತ್ತದೆ: "ಇಂಗ್ಲಿಷಿಗೆ ಎಲ್ಲಿ ಟ್ಯೂಷನ್ ಹಾಕಿಸೋದು?" ಹುಡುಗ ದಡ್ಡ ಅಂತಲೋ, ಮೇಷ್ಟ್ರು ಸರಿಯಿಲ್ಲ ಅಂತಲೋ ನಾವು ಬೇಗ ತೀರ್ಮಾನ ಮಾಡಿಬಿಡುತ್ತೇವೆ. ಹಿಂದಿನದನ್ನು ಸ್ವಲ್ಪ ತಿರುವಿ ನೋಡಿದರೆ ಬೇರೆ ಕಾರಣವೂ ಕಾಣುತ್ತದೆ.

ಈ ನಾಲ್ಕೂ ಊರುಗಳು ಹಳೇ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಅಲ್ಲಿ 1868ರಲ್ಲಿ ಹೋಬಳಿಗೊಂದು ಶಾಲೆ ಇರಬೇಕೆಂಬ ಯೋಜನೆ ಕೊಟ್ಟವರು ಶಿಕ್ಷಣ ಇಲಾಖೆಯ ಬಿ.ಎಲ್. ರೈಸ್. ಹೊನ್ನಾಳಿ, ಚನ್ನಗಿರಿ, ಜಗಳೂರಿನ ಶಾಸನಗಳನ್ನು ಮುಂದೆ ಅಚ್ಚು ಹಾಕಿಸಿದವರೂ ಇವರೇ. ಹೋಬಳಿ ಶಾಲೆಯಲ್ಲಿ ಕಲಿಸಿದ್ದು ಕನ್ನಡ, ಲೆಕ್ಕ. ಇಂಗ್ಲಿಷ್ ಕಲಿಯಬೇಕಾದವರು ಪೇಟೆಗೆ ಹೋಗಬೇಕಿತ್ತು. ಕಾಲೇಜಿಗೆ, ದೊಡ್ಡ ನೌಕರಿಗೆ ಮಾತ್ರ ಇಂಗ್ಲಿಷೇ ಬೇಕಿತ್ತು. ಹಳ್ಳಿಗೂ ಇಂಗ್ಲಿಷಿಗೂ ನಡುವಿನ ದೂರ ಶುರುವಾದದ್ದು ಹೀಗೆ.

ಸ್ವಾತಂತ್ರ್ಯದ ನಂತರ ಹೈಸ್ಕೂಲುಗಳು ಹಳ್ಳಿ ಕಡೆಗೂ ಬಂದವು. 1966ರ ಕಾಯ್ದೆಯಿಂದ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ಆಯಿತು. 1980ರ ದಶಕದ ಆರಂಭದಲ್ಲಿ ಗೋಕಾಕ್ ವರದಿ, ಅದರ ಹಿಂದೆಯೇ ದೊಡ್ಡ ಚಳವಳಿ ನಡೆದು ಕನ್ನಡಕ್ಕೆ ಶಾಲೆಯಲ್ಲಿ ಸಿಗಬೇಕಾದ ಜಾಗಕ್ಕಾಗಿ ನಾಡೇ ಎದ್ದು ನಿಂತಿತು. ಇಂದು ಕನ್ನಡ ಮಾಧ್ಯಮದ ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆ ಕನ್ನಡಕ್ಕೆ 125 ಅಂಕ, ದ್ವಿತೀಯ ಭಾಷೆ ಇಂಗ್ಲಿಷಿಗೆ 100 ಅಂಕ. ಹಳ್ಳಿ ಮಗುವಿಗೂ ಪೇಟೆ ಮಗುವಿಗೂ ಒಂದೇ ಪ್ರಶ್ನೆಪತ್ರಿಕೆ.

ಆದರೆ ಕಲಿಯಲು ಸಿಕ್ಕ ಕಾಲ ಒಂದೇ ಆಗಿರಲಿಲ್ಲ. ಸರ್ಕಾರಿ ಕನ್ನಡ ಶಾಲೆಯಲ್ಲಿ ಬಹಳ ವರ್ಷ ಎಬಿಸಿಡಿ ಶುರುವಾಗುತ್ತಿದ್ದದ್ದು 5ನೇ ತರಗತಿಯಲ್ಲಿ. ಅಂದರೆ ಎಸ್ಸೆಸ್ಸೆಲ್ಸಿಗೆ ಆರೇ ವರ್ಷ. ಪೇಟೆಯ ಕಾನ್ವೆಂಟಿನ ಮಗು ಅಷ್ಟೊತ್ತಿಗೆ ನಾಲ್ಕು ವರ್ಷ ಮುಂದೆ ಇರುತ್ತಿತ್ತು. ಆ ನಾಲ್ಕು ವರ್ಷ ತುಂಬಿಸಲು ಹುಟ್ಟಿಕೊಂಡದ್ದೇ ಟ್ಯೂಷನ್.

2007ರಲ್ಲಿ 1ನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. ಪುಸ್ತಕ ಬಂತು, ಪಾಠ ಮಾಡುವವರು ಮಾತ್ರ ಅದೇ ಮೇಷ್ಟ್ರು, ಮೇಡಂ. ಅವರಲ್ಲಿ ಎಷ್ಟೋ ಮಂದಿ ಸ್ವತಃ ಕನ್ನಡ ಮಾಧ್ಯಮದಲ್ಲಿ ಓದಿ, ಎಲ್ಲಾ ವಿಷಯವನ್ನೂ ಒಬ್ಬರೇ ಕಲಿಸುತ್ತಿದ್ದವರು. ತರಬೇತಿ ಇರಲಿಲ್ಲವೆಂದಲ್ಲ, ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬೆಂಗಳೂರಿನಲ್ಲಿ 1963ರಿಂದ ಇದೆ. ಆದರೆ ಕೆಲವು ದಿನಗಳ ತರಬೇತಿಯಲ್ಲಿ ಒಂದು ಭಾಷೆ ಬಾಯಿಗೆ ಬರುವುದು ಕಷ್ಟ ಅಂತ ಶಿಕ್ಷಕರೂ ಬಲ್ಲರು.

ನಂತರ ಬಂದದ್ದು ಶಿಕ್ಷಣ ಹಕ್ಕು ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿ. ಇದರ 28ನೇ ಸೆಕ್ಷನ್ ಪ್ರಕಾರ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ತರಗತಿಯಲ್ಲಿ ಅರ್ಧ ಹೇಳಿ, ಉಳಿದರ್ಧವನ್ನು ಸಂಜೆ ಮನೆಯಲ್ಲಿ ದುಡ್ಡಿಗೆ ಹೇಳುವುದು ನಿಲ್ಲಲಿ ಎಂದರೆ ಇಂಥ ನಿಯಮ ಬೇಕೇ ಬೇಕು. ಹಾಗಾಗಿ ಊರಲ್ಲಿ ಟ್ಯೂಷನ್ ಹೇಳುವ ಕೆಲಸ ಹೆಚ್ಚಾಗಿ ಬಿದ್ದದ್ದು ಬಿ.ಎಡ್. ಮುಗಿಸಿ ನೇಮಕಾತಿಗೆ ಕಾಯುವವರ ಮೇಲೆ, ಡಿಗ್ರಿ ಓದಿ ಮನೆಯಲ್ಲಿರುವ ಹೆಣ್ಣುಮಕ್ಕಳ ಮೇಲೆ. ತಾಲ್ಲೂಕು ಕೇಂದ್ರಕ್ಕೆ ಹೋಗುವವರಿಗೆ ಬಸ್ಸಿನ ಚಿಂತೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಬಸ್ ಬರುವ ಊರಿನ ಹುಡುಗಿಯರಿಗೆ ಚಾರ್ಜ್ ಉಳಿಯಿತು. ಖಾಸಗಿ ಬಸ್ಸೇ ಗತಿಯಾದ ಊರಿನವರಿಗೆ ಅದೂ ಇಲ್ಲ.

ಈಗ ಟ್ಯೂಷನ್ನಿನಲ್ಲಿ ಏನು ಕಲಿಸುತ್ತಾರೆ ನೋಡಿ. ಪದ್ಯದ ಸಾಲು ಬಾಯಿಪಾಠ, ರಜೆ ಕೇಳುವ ಪತ್ರ, ಚಿತ್ರ ನೋಡಿ ಬರೆಯುವ ನಾಲ್ಕು ವಾಕ್ಯ, ಒಂದು ಪ್ರಬಂಧ. ಇದಕ್ಕೆ 'ಪಾಸಿಂಗ್ ಪ್ಯಾಕೇಜ್' ಅಂತಲೇ ಹೆಸರು. ಪಾಸಾಗುವುದು ಸಣ್ಣ ಮಾತಲ್ಲ. ಒಂದೇ ವಿಷಯದಲ್ಲಿ ಫೇಲಾದರೂ ಹುಡುಗಿಯ ಓದು ಅಲ್ಲಿಗೇ ನಿಂತು, ಗಂಡು ನೋಡುವ ಮಾತು ಶುರುವಾಗುವ ಮನೆಗಳು ಇನ್ನೂ ಇವೆ. ಆದರೆ ಪ್ಯಾಕೇಜಿನಲ್ಲಿ ಪಾಸಾದ ಮಗು ಪಿಯುಸಿ ವಿಜ್ಞಾನಕ್ಕೆ ಸೇರಿದರೆ ಮೊದಲ ದಿನವೇ ಪುಸ್ತಕದ ಮುಂದೆ ತಡವರಿಸುತ್ತದೆ.

2014ರ ಮೇ 6ರಂದು ಸುಪ್ರೀಂ ಕೋರ್ಟ್, ಖಾಸಗಿ ಶಾಲೆಗಳ ಮೇಲೆ ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲ ಎಂದಿತು. 2019ರಲ್ಲಿ ರಾಜ್ಯದ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ಶುರು ಮಾಡುವ ತೀರ್ಮಾನವಾಯಿತು. ಪ್ರತಿ ಸಲವೂ ಆದೇಶ ಮೊದಲು, ಕಲಿಸುವವರ ತಯಾರಿ ಆಮೇಲೆ. ನಡುವಿನ ಖರ್ಚು ಅಪ್ಪ ಅಮ್ಮಂದಿರ ಜೇಬಿನಿಂದ.

ಟ್ಯೂಷನ್ ಬೇಡ ಎಂದು ನಾವು ಹೇಳುತ್ತಿಲ್ಲ. ಹಾಕಿಸುವುದಾದರೆ ಒಂಬತ್ತು, ಹತ್ತಕ್ಕೆ ಕಾಯದೆ ಐದು, ಆರನೇ ತರಗತಿಯಲ್ಲೇ ಮಗುವಿಗೆ ಓದಲು ಬರುತ್ತದೆಯೇ ನೋಡಿ. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಒಂದು ಪ್ರಶ್ನೆ ಕೇಳಿ: ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕರ ಹುದ್ದೆ ಭರ್ತಿಯಾಗಿದೆಯಾ? ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಿ.