ಕಡತಗಳಲ್ಲಿ ಮರೆಯಾದ ಗೃಹಿಣಿ

ಮುಳಬಾಗಿಲಿನ ಅಲಮೇಲಮ್ಮ, ಮಾಲೂರು ಸೀಮೆಯ ತಿರುಮಲಮ್ಮ, ಅಂದು ಕೋಲಾರ ಜಿಲ್ಲೆಗೆ ಸೇರಿದ್ದ ಮುದ್ದೇನಹಳ್ಳಿಯ ವೆಂಕಟಲಕ್ಷ್ಮಮ್ಮ: ಈ ಮೂವರ ಹೆಸರುಗಳು ನಾಡಿಗೆ ತಿಳಿದಿರುವುದು ಇವರು ಕ್ರಮವಾಗಿ ಡಿ.ವಿ. ಗುಂಡಪ್ಪ, ಮಾಸ್ತಿ ವೆಂಕಟೇಶ ಅಯ್ಯಂಗಾರ್ ಮತ್ತು ಸರ್ ಎಂ. ವಿಶ್ವೇಶ್ವರಯ್ಯನವರ ತಾಯಂದಿರಾದುದರಿಂದ. ಕೊನೆಯ ತಾಯಿಯನ್ನು ಕೆಲವರು ವೆಂಕಾಚಮ್ಮ ಎಂದೂ ಬರೆದಿರುವರು. ಭಾರತರತ್ನರ ತಾಯಿಯ ಹೆಸರೇ ಎರಡು ಬಗೆಯಾಗಿ ಉಳಿದಿರುವಾಗ, ಮಗ ಪ್ರಸಿದ್ಧನಾಗದ ಹಳ್ಳಿಯ ಹೆಣ್ಣುಮಗಳ ಪಾಡೇನು? ಆಕೆಯನ್ನು ಮನೆಯ ಹಳೆಯ ಕಾಗದಗಳಲ್ಲಿಯೇ ಅರಸಬೇಕು.

ಮೊದಲ ತೊಡಕು ತವರೂರಿನದು. ಹಳೆಯ ಲಗ್ನಪತ್ರಿಕೆಯಲ್ಲಿ ‘ಪಾಪನಪಲ್ಲಿ’ ಎಂದಿದ್ದರೆ ಅಂತಹ ಊರು ಇಂದಿನ ತಾಲ್ಲೂಕು ಪಟ್ಟಿಯಲ್ಲಿ ದೊರೆಯದು. ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರಿಟ್ಟ ಮೇಲೆ ಅದು ಶ್ರೀನಿವಾಸಪುರವಾಯಿತು. ಬಂಗಾರಪೇಟೆಯು ಹಿಂದಿನ ದಸ್ತಾವೇಜುಗಳಲ್ಲಿ ಬೌರಿಂಗ್‌ಪೇಟೆ. ಈ ಸೀಮೆಯ ಎಷ್ಟೋ ಮನೆಗಳ ಬರಹ ತೆಲುಗಿನಲ್ಲಿರುವುದೂ ಸಹಜ.

ಎರಡನೆಯದು ಕಾಲದ ಪ್ರಶ್ನೆ. ಜಾತಕದಲ್ಲಿ ಬರಿಯ ‘ಧಾತು ಸಂವತ್ಸರ’ ಎಂದಿದ್ದರೆ ಅದು 1816 ಆಗಬಹುದು, 1876 ಆಗಬಹುದು, 1936ರದೂ ಆಗಬಹುದು, ಏಕೆಂದರೆ ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳುತ್ತವೆ. ಜೊತೆಗೆ ಶಾಲಿವಾಹನ ಶಕ 1798 ಎಂಬ ಅಂಕಿಯಿದ್ದರೆ ಮಾತ್ರ 1876-77 ಎಂದು ನಿಶ್ಚಯವಾಗುವುದು. ಸಂವತ್ಸರವು ಯುಗಾದಿಗೆ ಮಗ್ಗಲು ಬದಲಿಸುವುದೇ ಹೊರತು ಜನವರಿಗಲ್ಲ. 1887ರ ಮಾರ್ಚ್ 17ರಂದು ಹುಟ್ಟಿದ ಗುಂಡಪ್ಪನವರದು ವ್ಯಯ ಸಂವತ್ಸರ. ಆ ವ್ಯಯವು ಮೊದಲಾದುದು 1886ರಲ್ಲಿ.

ಈ ಧಾತು ಮತ್ತು ಅದರ ಮುಂದಿನ ಈಶ್ವರ ಸಂವತ್ಸರಗಳು ಹುಡುಕುವವನಿಗೆ ಅತ್ಯಂತ ಮುಖ್ಯ. ಅವು ಮಹಾಕ್ಷಾಮದ ವರ್ಷಗಳು. 1871ರ ಗಣತಿಯಲ್ಲಿ 50,55,412 ಇದ್ದ ಮೈಸೂರು ಸೀಮೆಯ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಕೋಲಾರವು ಬಹುವಾಗಿ ನೊಂದ ಜಿಲ್ಲೆಗಳಲ್ಲೊಂದು. ಗಣತಿ ತಲೆಗಳನ್ನು ಎಣಿಸಿತು; ಸತ್ತ ಸೊಸೆಯ ಹೆಸರನ್ನು ಹೇಳಲಿಲ್ಲ. ಆದರೆ ಮನೆಯ ಕಿರ್ದಿಯಲ್ಲಿ ಆ ಎರಡು ವರ್ಷಗಳ ಪುಟ ತೆರೆದು, ಓಲೆಯನ್ನೋ ಬಳೆಯನ್ನೋ ಒತ್ತೆಯಿಟ್ಟು ರಾಗಿ ತಂದ ಕಲಮು ಕಂಡರೆ, ಅಲ್ಲಿ ಒಬ್ಬ ಹೆಂಗಸು ಇದ್ದಾಳೆಂದೇ ತಿಳಿಯಬೇಕು. ಜಮೆ ಯಜಮಾನನ ಖಾತೆಗೆ, ಕಳಚಿದ್ದು ಆಕೆಯ ಮೈಯಿಂದ. ಲೆಕ್ಕ ಬಲ್ಲವರು ಇದನ್ನು ಸರಿಯಾದ ಖತಾವಣಿ ಎಂದು ಒಪ್ಪಲಾರರು!

ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲು ಬಳಿದು, ಬಳಪದಿಂದ ಬರೆದ ಕಡತಗಳಲ್ಲಿ ಇನ್ನೊಂದು ಕಷ್ಟವುಂಟು: ಒರಸಿ ಮತ್ತೆ ಬರೆಯಬಹುದಾಗಿತ್ತು. ಬಾಕಿ ತೀರಿದೊಡನೆ ಸಾಲೂ ಅಳಿಯುತ್ತಿತ್ತು.

ವೈದಿಕ ಮನೆಗಳಲ್ಲಿ ತರ್ಪಣಕ್ಕೆಂದು ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರುಗಳನ್ನು ನೆನಪಿಡುವುದುಂಟು. ಶ್ರಾದ್ಧವನ್ನು ಒಪ್ಪದ ಜೈನರಿಗೆ ಆ ಅನುಕೂಲವಿಲ್ಲ; ನೋಂಪಿಯ ಉದ್ಯಾಪನೆಗೆ ಕೊಟ್ಟ ಬಿಂಬದ ಪೀಠದಲ್ಲಿ, ಶಾಸ್ತ್ರದಾನದ ಪ್ರತಿಯ ಕೊನೆಯಲ್ಲಿ ನೋಡಬೇಕು. ದತ್ತಕಪತ್ರಗಳೂ ಅಮೂಲ್ಯ. ಪುತ್ರನಿಲ್ಲದ ಜೈನ ವಿಧವೆಯು ಗಂಡನ ಅನುಮತಿಯಿಲ್ಲದೆಯೇ ದತ್ತು ಸ್ವೀಕರಿಸುವ ಆಚಾರವನ್ನು ಉತ್ತರ ಭಾರತದ ಒಂದು ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ 1878ರಲ್ಲಿ ಮನ್ನಿಸಿತು. ಸಾಮಾನ್ಯವಾಗಿ ‘ಇಂಥವರ ಹೆಂಡತಿ’ ಎಂದಷ್ಟೇ ಕಾಣುವವಳು ಇಂತಹ ಪತ್ರದಲ್ಲಿ ಸ್ವಂತ ಹೆಸರಿನಿಂದ ನಿಲ್ಲುತ್ತಾಳೆ. ಮೈಸೂರಿನಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನು ಬಂದುದು 1933ರಲ್ಲಿ. ಹತ್ತೊಂಬತ್ತನೆಯ ಶತಮಾನದ ಹೆಣ್ಣಿಗೆ ಅದು ತಡವಾಯಿತು.

ಕಾಗದವೆಲ್ಲ ಗೆದ್ದಲಿಗೆ ಹೋದ ಮನೆಯಲ್ಲಿಯೂ ಅಟ್ಟದ ಮೇಲೆ ತಾಮ್ರದ ಹಂಡೆಯೋ ಹಿತ್ತಾಳೆಯ ಕೊಳಗವೋ ಇದ್ದೀತು. ತವರಿನವರು ಮದುವೆಯಲ್ಲಿ ಕೊಟ್ಟ ಪಾತ್ರೆಯ ಕಂಠದಲ್ಲಿ ಚುಕ್ಕಿಚುಕ್ಕಿಯಾಗಿ ಆಕೆಯ ಹೆಸರನ್ನು ಕೊರೆಸಿರುವುದುಂಟು. ಹಳೆಯ ಪಾತ್ರೆ ಕೊಳ್ಳುವವನು ಅದನ್ನು ಓದುವುದಿಲ್ಲ, ತೂಗುತ್ತಾನೆ.