ವಿಕಿರಣ ಚಿಕಿತ್ಸೆಯ ನಂತರದ ವಾಸಿಯಾಗದ ಗಾಯಗಳು ಮತ್ತು ಪುನರುತ್ಪಾದಕ ಕೋಶ ಚಿಕಿತ್ಸೆ

ಪೀಠಿಕೆ:
ಕ್ಯಾನ್ಸರ್ ರೋಗಕ್ಕೆ ಶಸ್ತ್ರಚಿಕಿತ್ಸೆ ಮತ್ತು ಔಷಧಗಳ ಜೊತೆಗೆ ವಿಕಿರಣ ಚಿಕಿತ್ಸೆಯನ್ನೂ ನೀಡಲಾಗುತ್ತದೆ. ಜನಸಾಮಾನ್ಯರು ಇದನ್ನು ‘ಕರೆಂಟು ಕೊಡುವುದು’ ಎಂದು ಕರೆಯುವುದುಂಟು. ಈ ಚಿಕಿತ್ಸೆಯಿಂದ ಅಸಂಖ್ಯಾತ ರೋಗಿಗಳು ಗುಣಮುಖರಾಗಿದ್ದಾರೆ. ಆದರೆ ಕೆಲವರಲ್ಲಿ, ಕ್ಯಾನ್ಸರ್ ವಾಸಿಯಾಗಿ ತಿಂಗಳುಗಳು ಅಥವಾ ವರ್ಷಗಳು ಕಳೆದ ಬಳಿಕ, ವಿಕಿರಣ ಹಾಯ್ದ ಜಾಗದಲ್ಲಿ ಗಾಯವುಂಟಾಗಿ ಅದು ಮಾಗದೆ ಉಳಿಯುತ್ತದೆ. ಇಂತಹ ಗಾಯಗಳಿಗೆ ರೋಗಿಯ ದೇಹದ ಕೊಬ್ಬಿನಿಂದಲೇ ಪಡೆದ ಕೋಶಗಳನ್ನು ಬಳಸುವ ವಿಧಾನವನ್ನೂ, ಅದಕ್ಕೆ ಒಪ್ಪಿಗೆ ನೀಡುವ ಮೊದಲು ರೋಗಿಗಳು ತಿಳಿದಿರಬೇಕಾದ ಅಂಶಗಳನ್ನೂ ಇಲ್ಲಿ ವಿವರಿಸಲಾಗಿದೆ.

ಈ ಗಾಯಗಳು ಏಕೆ ವಾಸಿಯಾಗುವುದಿಲ್ಲ?
ಸಾಮಾನ್ಯ ಗಾಯವಾದಾಗ ಸುತ್ತಲಿನ ರಕ್ತನಾಳಗಳು ಆಮ್ಲಜನಕವನ್ನು ಒದಗಿಸುತ್ತವೆ; ಅಕ್ಕಪಕ್ಕದ ಜೀವಕೋಶಗಳು ವೃದ್ಧಿಗೊಂಡು ಗಾಯವನ್ನು ತುಂಬುತ್ತವೆ. ವಿಕಿರಣವು ಕ್ಯಾನ್ಸರ್ ಕೋಶಗಳೊಡನೆ ಈ ದುರಸ್ತಿ ವ್ಯವಸ್ಥೆಯನ್ನೂ ಕುಂದಿಸುತ್ತದೆ. ಸೂಕ್ಷ್ಮ ರಕ್ತನಾಳಗಳು ಕಿರಿದಾಗಿ ಮುಚ್ಚಿಹೋಗುತ್ತವೆ ಮತ್ತು ಅಂಗಾಂಶವು ನಾರಿನಂತೆ ಗಟ್ಟಿಯಾಗುತ್ತದೆ. ದವಡೆ ಮೂಳೆಯ ವಿಕಿರಣ ಹಾನಿಯನ್ನು ಅಧ್ಯಯನ ಮಾಡಿದ ಅಮೆರಿಕದ ಶಸ್ತ್ರಚಿಕಿತ್ಸಕ ರಾಬರ್ಟ್ ಮಾರ್ಕ್ಸ್ ಅವರು ಆಮ್ಲಜನಕದ ಕೊರತೆ, ಜೀವಕೋಶಗಳ ಕೊರತೆ ಹಾಗೂ ರಕ್ತನಾಳಗಳ ಕೊರತೆ ಎಂಬ ಮೂರು ಲಕ್ಷಣಗಳನ್ನು 1983ರಲ್ಲಿ ಗುರುತಿಸಿದರು. ಗಾಯವನ್ನು ಮುಚ್ಚಬೇಕಾದ ಅಂಗಾಂಶವೇ ದುರ್ಬಲವಾಗಿರುವುದರಿಂದ ಕೇವಲ ಮುಲಾಮು ಮತ್ತು ಪಟ್ಟಿಯಿಂದ ಇಂತಹ ಗಾಯಗಳು ಮಾಗುವುದು ಕಷ್ಟ.

ಸಾಮಾನ್ಯವಾಗಿ ಕಂಡುಬರುವ ಭಾಗಗಳು:
1. ಬಾಯಿ ಮತ್ತು ಗಂಟಲಿನ ಕ್ಯಾನ್ಸರ್‌ನ ಚಿಕಿತ್ಸೆಯ ನಂತರ ದವಡೆ ಮೂಳೆ ಮತ್ತು ಕುತ್ತಿಗೆ.
2. ಸ್ತನ ಕ್ಯಾನ್ಸರ್‌ನ ಚಿಕಿತ್ಸೆಯ ನಂತರ ಎದೆಯ ಭಾಗ.
3. ಗರ್ಭಕೋಶ ಮತ್ತು ಗರ್ಭಕೊರಳಿನ ಕ್ಯಾನ್ಸರ್‌ನ ಚಿಕಿತ್ಸೆಯ ನಂತರ ಸೊಂಟದ ಕೆಳಭಾಗ.

ಪ್ರಚಲಿತ ಚಿಕಿತ್ಸೆ:
ಸತ್ತ ಅಂಗಾಂಶವನ್ನು ತೆಗೆದು ಶುಚಿಗೊಳಿಸುವುದು, ನಂಜಿಗೆ ಔಷಧ ನೀಡುವುದು ಮತ್ತು ಅಧಿಕ ಒತ್ತಡದ ಕೋಣೆಯಲ್ಲಿ ಆಮ್ಲಜನಕ ನೀಡುವುದು ರೂಢಿಯಲ್ಲಿವೆ. ದೊಡ್ಡ ಗಾಯಗಳಿಗೆ, ವಿಕಿರಣ ತಾಗದ ಭಾಗದಿಂದ ಚರ್ಮ ಮತ್ತು ಮಾಂಸಖಂಡವನ್ನು ರಕ್ತನಾಳ ಸಹಿತವಾಗಿ ತಂದು ಮುಚ್ಚಲಾಗುತ್ತದೆ. ಇದು ದೊಡ್ಡ ಶಸ್ತ್ರಚಿಕಿತ್ಸೆಯಾಗಿದ್ದು, ವಯಸ್ಸಾದವರಿಗೆ ಹಾಗೂ ಅಶಕ್ತರಿಗೆ ಎಲ್ಲ ಸಂದರ್ಭಗಳಲ್ಲಿಯೂ ಸಾಧ್ಯವಾಗುವುದಿಲ್ಲ.

ಪುನರುತ್ಪಾದಕ ಕೋಶ ಚಿಕಿತ್ಸೆ ಎಂದರೇನು?
ದೇಹದ ಕೊಬ್ಬಿನಲ್ಲಿ ಆಕರ ಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು, ಇರುವುದನ್ನು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು ಹಾಗೂ ಅವರ ಸಹವರ್ತಿಗಳು 2001ರಲ್ಲಿ ಪ್ರಕಟಿಸಿದರು. ಚಿಕಿತ್ಸೆಯ ಹಂತಗಳು ಹೀಗಿವೆ:
1. ರೋಗಿಯ ಹೊಟ್ಟೆ ಅಥವಾ ತೊಡೆಯಿಂದ ಸಣ್ಣ ಕೊಳವೆಯ ಮೂಲಕ ಕೊಬ್ಬನ್ನು ಹೀರಿ ತೆಗೆಯಲಾಗುತ್ತದೆ.
2. ಕಿಣ್ವವನ್ನು ಬೆರೆಸಿ, ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಕೋಶಗಳನ್ನು ಬೇರ್ಪಡಿಸಲಾಗುತ್ತದೆ.
3. ಗಾಯದಲ್ಲಿನ ಸತ್ತ ಅಂಗಾಂಶವನ್ನು ತೆಗೆದು, ಗಾಯದ ತಳ ಮತ್ತು ಅಂಚುಗಳಿಗೆ ಈ ಕೋಶಗಳನ್ನು ಚುಚ್ಚಲಾಗುತ್ತದೆ.

ಈ ಕೋಶಗಳು ಹೊರಸೂಸುವ ಬೆಳವಣಿಗೆಯ ಅಂಶಗಳು ಹೊಸ ರಕ್ತನಾಳಗಳು ಮೂಡಲು ಪ್ರಚೋದನೆ ನೀಡುತ್ತವೆ. ಕೋಶಗಳು ರೋಗಿಯದೇ ಆಗಿರುವುದರಿಂದ ದೇಹವು ಅವುಗಳನ್ನು ತಿರಸ್ಕರಿಸುವ ಸಂಭವ ಕಡಿಮೆ.

ಈವರೆಗಿನ ಅನುಭವ:
ಇಟಲಿಯ ವೆರೋನಾ ನಗರದ ಗಿನೊ ರಿಗೊಟ್ಟಿ ಮತ್ತು ಸಹೋದ್ಯೋಗಿಗಳು ವಿಕಿರಣ ಹಾನಿಗೊಳಗಾದ 20 ರೋಗಿಗಳಿಗೆ ಅವರದೇ ಶುದ್ಧೀಕರಿಸಿದ ಕೊಬ್ಬನ್ನು ಚುಚ್ಚಿ, ಗಮನಾರ್ಹ ಸುಧಾರಣೆಯಾದುದನ್ನು 2007ರಲ್ಲಿ ವರದಿ ಮಾಡಿದರು. ಇಲ್ಲಿ ಕೋಶಗಳನ್ನು ಬೇರ್ಪಡಿಸದೆ, ಅವುಗಳನ್ನು ಒಳಗೊಂಡ ಕೊಬ್ಬನ್ನೇ ಬಳಸಲಾಗಿತ್ತು. ಜಪಾನಿನ ನಾಗಸಾಕಿ ವಿಶ್ವವಿದ್ಯಾನಿಲಯದ ಸದನೋರಿ ಅಕಿಟ ಮತ್ತು ಸಹೋದ್ಯೋಗಿಗಳು ಬೇರ್ಪಡಿಸಿದ ಕೋಶಗಳನ್ನು ಹಳೆಯ ವಿಕಿರಣ ಗಾಯಗಳಿಗೆ ಬಳಸಿದ ಅನುಭವವನ್ನು 2010ರಲ್ಲಿ ಪ್ರಕಟಿಸಿದರು.

ಈ ಫಲಿತಾಂಶಗಳು ಭರವಸೆ ಮೂಡಿಸುವಂತಿದ್ದರೂ, ಇವು ಸಣ್ಣ ಸಂಖ್ಯೆಯ ರೋಗಿಗಳ ಅನುಭವಗಳಾಗಿವೆ. ಚಿಕಿತ್ಸೆ ಪಡೆದವರನ್ನು ಪಡೆಯದವರೊಂದಿಗೆ ಹೋಲಿಸದೆ, ಸುಧಾರಣೆಯು ಎಷ್ಟರಮಟ್ಟಿಗೆ ಕೋಶಗಳಿಂದಲೇ ಆಯಿತೆಂದು ಹೇಳಲಾಗದು. ಇದಲ್ಲದೆ, ಗಾಯವನ್ನು ಮಾಗಿಸುವ ಬೆಳವಣಿಗೆಯ ಅಂಶಗಳು ಉಳಿದಿರಬಹುದಾದ ಕ್ಯಾನ್ಸರ್ ಕೋಶಗಳಿಗೂ ಪೋಷಣೆ ನೀಡಬಹುದೆಂಬ ಆತಂಕವಿದೆ. ಆದ್ದರಿಂದ ಕ್ಯಾನ್ಸರ್ ಮರುಕಳಿಸಿಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳುವುದು ಅತ್ಯಗತ್ಯ.

ಕಾನೂನು ಮತ್ತು ಮಾರ್ಗಸೂಚಿ:
ಜಪಾನಿನಲ್ಲಿ ಪುನರುತ್ಪಾದಕ ಚಿಕಿತ್ಸೆಯ ಸುರಕ್ಷತೆಗೆ ಸಂಬಂಧಿಸಿದ ಪ್ರತ್ಯೇಕ ಕಾಯಿದೆಯು ನವೆಂಬರ್ 2014ರಿಂದ ಜಾರಿಯಲ್ಲಿದೆ. ಭಾರತದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳು ಹೊರಡಿಸಿದ 2017ರ ರಾಷ್ಟ್ರೀಯ ಮಾರ್ಗಸೂಚಿಯಂತೆ, ನಿಗದಿತ ಕಾಯಿಲೆಗಳಿಗೆ ರಕ್ತದ ಆಕರ ಕೋಶಗಳ ಕಸಿಯನ್ನು ಹೊರತುಪಡಿಸಿ, ಉಳಿದ ಆಕರ ಕೋಶ ಚಿಕಿತ್ಸೆಗಳನ್ನು ಅನುಮತಿ ಪಡೆದ ಪ್ರಯೋಗಗಳ ಚೌಕಟ್ಟಿನಲ್ಲಿ ಮಾತ್ರ ನಡೆಸತಕ್ಕದ್ದು. 2019ರ ಹೊಸ ಔಷಧಗಳು ಮತ್ತು ಚಿಕಿತ್ಸಾ ಪ್ರಯೋಗಗಳ ನಿಯಮಗಳು ಆಕರ ಕೋಶಗಳಿಂದ ತಯಾರಾದ ಉತ್ಪನ್ನಗಳನ್ನು ಹೊಸ ಔಷಧಗಳೆಂದು ಪರಿಗಣಿಸುತ್ತವೆ.

ರೋಗಿಗಳು ಗಮನಿಸಬೇಕಾದ ಅಂಶಗಳು:
1. ವಿಕಿರಣ ಪಡೆದ ಜಾಗದಲ್ಲಿ ಹುಣ್ಣು, ರಕ್ತಸ್ರಾವ, ಕೀವು ಅಥವಾ ತೆರೆದ ಮೂಳೆ ಕಂಡುಬಂದಲ್ಲಿ ವಿಳಂಬ ಮಾಡದೆ ಚಿಕಿತ್ಸೆ ನೀಡಿದ ಆಸ್ಪತ್ರೆಗೆ ತೋರಿಸುವುದು. ಅದು ಮರುಕಳಿಸಿದ ಕ್ಯಾನ್ಸರ್ ಸಹ ಆಗಿರಬಹುದಾದ್ದರಿಂದ, ವೈದ್ಯರು ಸೂಚಿಸಿದಲ್ಲಿ ಅಂಗಾಂಶ ಪರೀಕ್ಷೆಗೆ ಒಳಗಾಗುವುದು.
2. ಗಾಯಕ್ಕೆ ಬಿಸಿ ಶಾಖ ಕೊಡಬಾರದು. ವೈದ್ಯರನ್ನು ಕೇಳದೆ ಸೊಪ್ಪಿನ ರಸ, ಎಣ್ಣೆ ಮುಂತಾದವನ್ನು ಹಚ್ಚಬಾರದು.
3. ದವಡೆಗೆ ವಿಕಿರಣ ಪಡೆದವರು ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ಈ ವಿಷಯವನ್ನು ತಪ್ಪದೆ ತಿಳಿಸುವುದು.
4. ಬೀಡಿ, ಸಿಗರೇಟು ಮತ್ತು ಹೊಗೆಸೊಪ್ಪಿನ ಬಳಕೆಯನ್ನು ಸಂಪೂರ್ಣವಾಗಿ ನಿಲ್ಲಿಸುವುದು, ಮಧುಮೇಹವಿದ್ದಲ್ಲಿ ಹತೋಟಿಯಲ್ಲಿಡುವುದು.
5. ಕೋಶ ಚಿಕಿತ್ಸೆ ನೀಡುವುದಾಗಿ ಯಾರಾದರೂ ತಿಳಿಸಿದಲ್ಲಿ, ಅದು ಭಾರತೀಯ ಚಿಕಿತ್ಸಾ ಪ್ರಯೋಗ ನೋಂದಣಿಯಲ್ಲಿ ದಾಖಲಾಗಿದೆಯೇ ಮತ್ತು ನೈತಿಕ ಸಮಿತಿಯ ಅನುಮೋದನೆ ಇದೆಯೇ ಎಂದು ವಿಚಾರಿಸುವುದು.
6. ಖಚಿತವಾಗಿ ಗುಣವಾಗುವುದೆಂಬ ಜಾಹೀರಾತುಗಳನ್ನು ನಂಬಿ, ಸಾಲ ಮಾಡಿ ಅಥವಾ ಆಸ್ತಿ ಮಾರಿ ಹಣ ತೆರುವ ಮೊದಲು ತಮ್ಮ ಕ್ಯಾನ್ಸರ್ ತಜ್ಞರ ಅಭಿಪ್ರಾಯ ಪಡೆಯುವುದು.

ಗಾಯವು ಚಿಕ್ಕದಾಗಿರುವಾಗಲೇ ತೋರಿಸಿದಲ್ಲಿ ಪ್ರಚಲಿತ ಚಿಕಿತ್ಸೆಯಿಂದಲೇ ವಾಸಿಯಾಗುವ ಅವಕಾಶ ಹೆಚ್ಚು. ಆದುದರಿಂದ ವಿಕಿರಣ ಚಿಕಿತ್ಸೆ ಪಡೆದವರು ಎಷ್ಟೇ ವರ್ಷಗಳು ಕಳೆದಿದ್ದರೂ ಚಿಕಿತ್ಸೆಯ ದಾಖಲೆಗಳನ್ನು ಜೋಪಾನವಾಗಿ ಇಟ್ಟುಕೊಂಡು, ವೈದ್ಯರು ಸೂಚಿಸಿದಂತೆ ತಪಾಸಣೆಗೆ ಹಾಜರಾಗತಕ್ಕದ್ದು.